ಲೆನಾರ್ಡ್ ಚೆಷೈರ್ ಮಾಡಿದ ಸೇವೆ ಯುದ್ಧಕ್ಕೆ ಪ್ರಾಯಶ್ಚಿತ್ತವೇ?

ತುಂಗಾತೀರ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಓಡಾಡುವವರಿಗೆ ಚೆಷೈರ್ ಹೋಮ್ ಎಂಬ ಹೆಸರು ಪರಿಚಿತ. ಅದು ಅಂಗವಿಕಲರು ವಾಸಿಸುವ ಮನೆ ಎಂಬುದೂ ಗೊತ್ತು. ಆ ಚೆಷೈರ್ ಯಾರು ಎಂದು ಕೇಳಿದರೆ ಮಾತ್ರ, ಯಾರೋ ಬ್ರಿಟಿಷ್ ಪಾದ್ರಿ ಇರಬೇಕು ಎನ್ನುವವರೇ ಹೆಚ್ಚು. ಲೆನಾರ್ಡ್ ಚೆಷೈರ್ ಪಾದ್ರಿಯಲ್ಲ, ಬಾಂಬರ್ ಪೈಲಟ್. ಎರಡನೆಯ ಮಹಾಯುದ್ಧದಲ್ಲಿ ನೂರು ಬಾರಿ ಶತ್ರುನೆಲದ ಮೇಲೆ ಹಾರಿ, ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು.

ಅವರನ್ನು ಬಲ್ಲವರು ಹೇಳುವ ಕಥೆ ಸಾಮಾನ್ಯವಾಗಿ ಒಂದೇ ಧಾಟಿಯದು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಅವರು ಬ್ರಿಟನ್ನಿನ ವೀಕ್ಷಕರಾಗಿ ಆಕಾಶದಲ್ಲಿದ್ದರು; ಆ ಹೊಗೆಯನ್ನು ಕಂಡು ಮನಸ್ಸು ಕರಗಿತು; ಯುದ್ಧವನ್ನು ಬಿಟ್ಟು ಸೇವೆಗೆ ನಿಂತರು. ಕಳಿಂಗದ ನಂತರದ ಅಶೋಕನನ್ನು ಶಾಲೆಯಲ್ಲಿಯೇ ಓದಿಕೊಂಡ ನಮಗೆ ಈ ಕಥೆ ಥಟ್ಟನೆ ಹಿಡಿಸುತ್ತದೆ. ನಡೆದದ್ದು ಹಾಗಲ್ಲ. ಅಣುಬಾಂಬ್ ಯುದ್ಧವನ್ನು ಬೇಗ ಮುಗಿಸಿ ಅನೇಕ ಜೀವಗಳನ್ನು ಉಳಿಸಿತು ಎಂಬ ತಮ್ಮ ನಿಲುವನ್ನು ಚೆಷೈರ್ ಕೊನೆಯವರೆಗೂ ಬದಲಿಸಲಿಲ್ಲ. ಆ ನಿಲುವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವರು ಎಂದೂ ಪಡದ ಪಶ್ಚಾತ್ತಾಪವನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ.

ನಿಜವಾಗಿ ನಡೆದದ್ದನ್ನು ನೋಡಿ. 1946ರಲ್ಲಿ ಸೇನೆಯಿಂದ ಹೊರಬಂದ ಚೆಷೈರ್, ಯುದ್ಧ ಮುಗಿಸಿ ಬಂದು ದಿಕ್ಕು ತೋಚದೆ ಇದ್ದ ಮಾಜಿ ಸೈನಿಕರು ಒಟ್ಟಿಗೆ ದುಡಿದು ಒಟ್ಟಿಗೆ ಬಾಳುವ ಒಂದು ನೆಲೆ ಕಟ್ಟಲು ಹೊರಟರು. ಹ್ಯಾಂಪ್‌ಷೈರಿನಲ್ಲಿ ಲೆ ಕೋರ್ಟ್ ಎಂಬ ದೊಡ್ಡ ಮನೆ ಹಿಡಿದರು. ಒಂದೆರಡು ವರ್ಷಗಳಲ್ಲಿ ಆ ಪ್ರಯತ್ನ ಕುಸಿಯಿತು. ಕೈಯಲ್ಲಿ ಉಳಿದದ್ದು ಸಾಲ ಮತ್ತು ಖಾಲಿ ಕೋಣೆಗಳು. 1948ರಲ್ಲಿ ಆಸ್ಪತ್ರೆಯೊಂದರಿಂದ ಸುದ್ದಿ ಬಂತು. ಹಿಂದೆ ಅವರ ಜೊತೆಯಲ್ಲಿಯೇ ಇದ್ದ ಆರ್ಥರ್ ಡೈಕ್ಸ್ ಎಂಬವರಿಗೆ ಕ್ಯಾನ್ಸರ್. ಗುಣವಾಗುವಂತಿಲ್ಲ, ಹಾಸಿಗೆ ಬಿಟ್ಟುಕೊಡಬೇಕು, ಹೋಗಲು ಬೇರೆ ಜಾಗವಿಲ್ಲ. ಯಾರಾದರೂ ಇಟ್ಟುಕೊಳ್ಳುವರೇ ಎಂದು ಚೆಷೈರ್ ವಿಚಾರಿಸಿ ನೋಡಿದರು. ಯಾರೂ ಸಿಗದಿದ್ದಾಗ ತಾವೇ ಮನೆಗೆ ಕರೆತಂದರು.

ಮೂವತ್ತರ ಹರೆಯದ, ಎದೆಯ ತುಂಬ ಪದಕಗಳಿದ್ದ ಆ ಮನುಷ್ಯ ಆಗ ಕಲಿತ ಕೆಲಸಗಳು ಇವು: ಮಲಗಿದವರನ್ನು ಎಬ್ಬಿಸದೆ ಹಾಸಿಗೆಯ ಹೊದಿಕೆ ಬದಲಿಸುವುದು, ಮೈ ಒರೆಸುವುದು, ಬೆನ್ನಿನಲ್ಲಿ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು. ಆಗಸ್ಟ್‌ನಲ್ಲಿ ಡೈಕ್ಸ್ ತೀರಿಕೊಂಡರು. ಅಷ್ಟರಲ್ಲಿ 91 ವರ್ಷದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವಿರಾ ಎಂದು ಮತ್ತೊಂದು ಕರೆ ಬಂದಿತ್ತು. ಮರುವರ್ಷದ ಹೊತ್ತಿಗೆ ಮನೆ ತುಂಬಿತ್ತು.

ಅವರು ಯಾವ ಸಂಸ್ಥೆಯನ್ನೂ ಯೋಜನೆ ಹಾಕಿ ಆರಂಭಿಸಲಿಲ್ಲ. ಬಾಗಿಲಿಗೆ ಬಂದ ಒಬ್ಬ ಮನುಷ್ಯನಿಗೆ ಇಲ್ಲ ಎನ್ನಲಿಲ್ಲ, ಅಷ್ಟೇ. ನನ್ನ ಮಟ್ಟಿಗೆ ಅವರ ಬದುಕಿನ ತಿರುವು ನಾಗಸಾಕಿಯ ಆಕಾಶದಲ್ಲಿಲ್ಲ, ಲೆ ಕೋರ್ಟಿನ ಆ ಕೋಣೆಯಲ್ಲಿದೆ. ನೀವೆಲ್ಲ ಏನು ಹೇಳುತ್ತೀರಿ?

ನಿವೃತ್ತ ಸುಬೇದಾರ್

ತುಂಗಾತೀರ ಅವರೇ, ಬರೆದದ್ದು ಒಳ್ಳೆಯದಾಯಿತು. ಸೈನಿಕ ಸಮಾಜಸೇವೆಗೆ ಇಳಿದರೆ ಯಾವುದೋ ಪಾಪ ತೊಳೆದುಕೊಳ್ಳುತ್ತಿದ್ದಾನೆ ಎಂಬಂತೆ ನೋಡುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ.

ಚೆಷೈರರ ಯುದ್ಧಕಾಲದ ಒಂದು ಸಂಗತಿಯನ್ನು ಸೇರಿಸುತ್ತೇನೆ. 1943ರ ಮಾರ್ಚ್‌ನಲ್ಲಿ, 25ರ ವಯಸ್ಸಿನಲ್ಲಿ ಅವರು ಗ್ರೂಪ್ ಕ್ಯಾಪ್ಟನ್ ಆದರು. ಬ್ರಿಟಿಷ್ ವಾಯುಪಡೆಯಲ್ಲಿ ಆಗ ಆ ಹುದ್ದೆಯಲ್ಲಿದ್ದವರಲ್ಲಿ ಅವರೇ ಅತಿ ಕಿರಿಯರು. ನೆಲದ ಮೇಲೆ ಕುಳಿತು ತರಬೇತಿ ಕೇಂದ್ರ ನಡೆಸಬಹುದಿತ್ತು, ಯುದ್ಧ ಮುಗಿಯುವವರೆಗೆ ಜೀವಕ್ಕೆ ಭಯವಿರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಒಂದು ದರ್ಜೆ ಕೆಳಗಿಳಿದು 617ನೆಯ ಸ್ಕ್ವಾಡ್ರನ್ ಎಂಬ ಬಾಂಬರ್ ದಳದ ಮುಖ್ಯಸ್ಥರಾದರು. ಹಾರಬೇಕೆಂಬ ಒಂದೇ ಕಾರಣಕ್ಕೆ ಭುಜದ ಪಟ್ಟಿ ಬಿಟ್ಟುಕೊಟ್ಟ ಅಧಿಕಾರಿ! ದರ್ಜೆ ಎಂದರೆ ಏನೆಂದು ಸೇನೆಯಲ್ಲಿದ್ದವರಿಗೆ ಗೊತ್ತು.

ಇನ್ನು 1944ರ ಫೆಬ್ರವರಿ. ಫ್ರಾನ್ಸಿನ ಲಿಮೋಜ್‌ನಲ್ಲಿ ವಿಮಾನದ ಎಂಜಿನ್ ತಯಾರಿಸುವ ಗ್ನೋಮ್ ರೋನ್ ಕಾರ್ಖಾನೆ ಜರ್ಮನರ ವಶದಲ್ಲಿತ್ತು. ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರೆಂಚ್ ಕಾರ್ಮಿಕರು, ಅವರಲ್ಲಿ ಹೆಂಗಸರೇ ಬಹಳ. ಚೆಷೈರ್ ತಮ್ಮ ಲ್ಯಾಂಕಾಸ್ಟರ್ ವಿಮಾನವನ್ನು ಕಾರ್ಖಾನೆಯ ಚಾವಣಿಗೆ ತಾಗುವಷ್ಟು ಕೆಳಗಿಳಿಸಿ ಮೂರು ಬಾರಿ ಹಾದುಹೋದರು. ಓಡಿಹೋಗಿ ಎಂಬ ಎಚ್ಚರಿಕೆ ಅದು. ಜನ ಹೊರಗೆ ಓಡಿದ ಮೇಲೆ ಗುರುತಿನ ಬೆಂಕಿಗಳನ್ನು ಉದುರಿಸಿದರು. ಹಿಂದಿನ ವಿಮಾನಗಳು ಆ ಗುರುತನ್ನು ನೋಡಿ ಕಾರ್ಖಾನೆಯನ್ನು ನೆಲಸಮ ಮಾಡಿದವು. ಮೂರು ಸಲ ಹಾದುಹೋಗುವುದೆಂದರೆ ಕೆಳಗಿನ ತೋಪುಗಳಿಗೆ ಮೂರು ಅವಕಾಶ ಕೊಟ್ಟಂತೆ. ಡೈಕ್ಸ್ ಅವರನ್ನು ಮನೆಗೆ ಕರೆತಂದವರು ಇದೇ ಮನುಷ್ಯ. ಯುದ್ಧದಲ್ಲಿ ಒಬ್ಬರು, ಶಾಂತಿಯಲ್ಲಿ ಇನ್ನೊಬ್ಬರು ಅಲ್ಲ.

ಅವರ ವಿಕ್ಟೋರಿಯಾ ಕ್ರಾಸ್ ಕೂಡ ಒಂದು ದಿನದ ಸಾಹಸಕ್ಕೆ ಬಂದದ್ದಲ್ಲ. ನಾಲ್ಕು ವರ್ಷ ಸತತವಾಗಿ ತೋರಿದ ಧೈರ್ಯಕ್ಕೆ ಕೊಟ್ಟದ್ದು. ಆ ಪದಕದ ಇತಿಹಾಸದಲ್ಲಿ ಅದು ಬಲು ಅಪರೂಪ.

ಬಿಡಿಬರಹ

ಲಿಮೋಜ್ ಸರಿ. ಆದರೆ ಅದೊಂದನ್ನೇ ಎತ್ತಿ ಹಿಡಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ, ಸುಬೇದಾರ್ ಅವರೇ. 1940ರಿಂದ 1943ರವರೆಗೆ ಅವರು ಹಾರಿದ್ದು ಸಾಮಾನ್ಯ ಬಾಂಬರ್ ದಳಗಳಲ್ಲಿ. ರಾತ್ರಿ ಹೊತ್ತು, ಎತ್ತರದಿಂದ, ಜರ್ಮನಿಯ ನಗರಗಳ ಮೇಲೆ. ಆ ದಾಳಿಗಳಲ್ಲಿ ಕೆಳಗೆ ಮಲಗಿದ್ದವರಿಗೆ ಯಾರೂ ಮೂರು ಬಾರಿ ಎಚ್ಚರಿಕೆ ಕೊಡಲಿಲ್ಲ. ಆ ನಗರಗಳಲ್ಲಿ ಕಾಲು ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು ಎಷ್ಟು ಮಂದಿಯೋ.

ಸೇವೆಯನ್ನು ನಾನು ಕಡೆಗಣಿಸುತ್ತಿಲ್ಲ. ಪಶ್ಚಾತ್ತಾಪ ಪಡಲಿಲ್ಲ ಎನ್ನುವುದನ್ನು ಒಂದು ಗುಣ ಎಂಬಂತೆ ಹೇಳುವುದು ನನಗೆ ಕಷ್ಟವಾಗುತ್ತದೆ. ಪಟ್ಟಿದ್ದರೆ ಅವರು ಇನ್ನೂ ದೊಡ್ಡವರಾಗುತ್ತಿದ್ದರಲ್ಲವೇ?

ತುಂಗಾತೀರ

ಬಿಡಿಬರಹ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಪಶ್ಚಾತ್ತಾಪ ಪಡದಿರುವುದು ಗುಣ ಎಂದು ನಾನೂ ಹೇಳುವುದಿಲ್ಲ. ನಗರಗಳ ಮೇಲಿನ ಬಾಂಬ್ ದಾಳಿ ಸರಿಯೇ ತಪ್ಪೇ ಎಂಬುದು ಬ್ರಿಟನ್ನಿನಲ್ಲೇ ಇಂದಿಗೂ ಇತ್ಯರ್ಥವಾಗಿಲ್ಲ. ನಾನು ಹೇಳುವುದಿಷ್ಟೇ: ಒಬ್ಬರ ಸೇವೆಗೆ ಬೆಲೆ ಬರಬೇಕಾದರೆ ಅದರ ಹಿಂದೆ ಪಾಪದ ಕಥೆಯೊಂದು ಇರಲೇಬೇಕು ಎಂಬ ನಮ್ಮ ನಿರೀಕ್ಷೆ ಆ ಸೇವೆ ಪಡೆದವರನ್ನು ಮರೆಸಿಬಿಡುತ್ತದೆ. ಡೈಕ್ಸ್ ಅವರಿಗೆ ಬೇಕಾಗಿದ್ದುದು ಒಣಗಿದ ಹಾಸಿಗೆ, ರಾತ್ರಿ ಕರೆದರೆ ಓಗೊಡುವ ಒಬ್ಬರು. ಕರೆಗೆ ಬಂದವರ ಮನಸ್ಸಿನಲ್ಲಿ ಕಳಿಂಗ ಇತ್ತೇ ಇಲ್ಲವೇ ಎಂಬುದರಿಂದ ಅವರಿಗೆ ಆಗಬೇಕಾದದ್ದೇನೂ ಇರಲಿಲ್ಲ.

ಕಾಲವನ್ನೂ ಗಮನಿಸಬೇಕು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು, ಡೈಕ್ಸ್ ಸಾಯುವ ಸ್ವಲ್ಪ ಮೊದಲು. ಗುಣವಾಗುವ ರೋಗಿಗೆ ಅಲ್ಲಿ ಹಾಸಿಗೆ ಇತ್ತು. ಗುಣವಾಗದ, ಆದರೆ ಇನ್ನೂ ಹಲವು ವರ್ಷ ಬದುಕಲಿರುವ ಹರೆಯದವರಿಗೆ ಸಿಗುತ್ತಿದ್ದುದು ಮುಪ್ಪಿನವರ ವಾರ್ಡಿನ ಒಂದು ಮೂಲೆ. ಚೆಷೈರರ ಮನೆಗಳು ಬೆಳೆದದ್ದು ಆ ಬಿರುಕಿನಲ್ಲಿ.

ಇನ್ನೊಂದು ವಿಷಯ. 1952ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಚೆಷೈರ್ ಸ್ವತಃ ಕ್ಷಯರೋಗದಿಂದ ಮಿಡ್‌ಹರ್ಸ್ಟಿನ ಆರೋಗ್ಯಧಾಮದಲ್ಲಿ ಮಲಗಿದ್ದರು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದವು. ಅಲ್ಲಿಂದಲೇ ಕಾಗದ ಬರೆಯುತ್ತ ಹೊಸ ಮನೆಗಳ ವ್ಯವಸ್ಥೆ ನೋಡಿದರು. ಎದ್ದು ಬಂದವರು 1955ರಲ್ಲಿ ಭಾರತಕ್ಕೆ ಬಂದರು. ಮುಂಬಯಿಯ ಅಂಧೇರಿಯಲ್ಲಿ ನಮ್ಮ ದೇಶದ ಮೊದಲ ಚೆಷೈರ್ ಮನೆ ತಲೆಯೆತ್ತಿತು. 1959ರಲ್ಲಿ ಮುಂಬಯಿಯಲ್ಲಿಯೇ ಸ್ಯೂ ರೈಡರ್ ಅವರನ್ನು ಮದುವೆಯಾದರು. ಆಕೆಯೂ ಯುದ್ಧಕಾಲದಲ್ಲಿ ಕೆಲಸ ಮಾಡಿ, ಆಮೇಲೆ ಪೋಲೆಂಡ್ ಮೊದಲಾದ ಕಡೆ ಯಾತನಾ ಶಿಬಿರಗಳಿಂದ ಬದುಕಿ ಬಂದವರಿಗಾಗಿ ದುಡಿದವರು. ಇಬ್ಬರೂ ಸೇರಿ ಡೆಹರಾಡೂನಿನಲ್ಲಿ ಆರಂಭಿಸಿದ ರಾಫೆಲ್ ಕೇಂದ್ರ ಕುಷ್ಠರೋಗಿಗಳಿಗೆ, ಬುದ್ಧಿಮಾಂದ್ಯ ಮಕ್ಕಳಿಗೆ, ಕ್ಷಯರೋಗಿಗಳಿಗೆ ಆಸರೆಯಾಯಿತು.

ಗಾಲಿಕುರ್ಚಿ

ಇಷ್ಟು ಹೊತ್ತು ಓದುತ್ತಿದ್ದೆ. ಚರ್ಚೆ ಕೊಟ್ಟವರ ಸುತ್ತಲೇ ತಿರುಗುತ್ತಿದೆ. ಪಡೆದವರ ಕಡೆಯಿಂದ ನಾನು ಮಾತನಾಡುತ್ತೇನೆ. ಚಿಕ್ಕಂದಿನಿಂದ ನಾನು ಗಾಲಿಕುರ್ಚಿಯಲ್ಲಿದ್ದೇನೆ, ಒಂದು ವಸತಿ ಸಂಸ್ಥೆಯಲ್ಲಿ ಇದ್ದು ಓದಿದವಳು. (ಚೆಷೈರ್ ಹೋಮ್ ಅಲ್ಲ.)

ಪಾಲ್ ಹಂಟ್ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 1937ರಲ್ಲಿ ಹುಟ್ಟಿದವರು, ಸ್ನಾಯುಕ್ಷಯ ಇತ್ತು. ಹದಿಹರೆಯದಲ್ಲಿ ಅವರನ್ನು ಇರಿಸಿದ್ದು ತುಂಗಾತೀರ ಅವರು ಹೇಳಿದ ಅದೇ ತರಹದ ವಾರ್ಡಿನಲ್ಲಿ, ಸಾವಿನ ಹೊಸ್ತಿಲಲ್ಲಿರುವ ಮುದುಕರ ನಡುವೆ. 1956ರಲ್ಲಿ, 19ರ ವಯಸ್ಸಿನಲ್ಲಿ, ಲೆ ಕೋರ್ಟಿಗೆ ಬಂದರು. ಆ ವಾರ್ಡಿಗೆ ಹೋಲಿಸಿದರೆ ಅದು ಬಿಡುಗಡೆ. ಚೆಷೈರರಿಗೆ ಅದರ ಕೀರ್ತಿ ಸಲ್ಲಲೇಬೇಕು.

ಆದರೆ ಕೆಲವೇ ವರ್ಷಗಳಲ್ಲಿ ಲೆ ಕೋರ್ಟಿನ ನಿವಾಸಿಗಳು ಆಡಳಿತದವರ ಎದುರು ಹೋರಾಡಬೇಕಾಯಿತು. ಏನು ಕೇಳಿದರು ಗೊತ್ತೇ? ಎಷ್ಟು ಹೊತ್ತಿಗೆ ಮಲಗಬೇಕೆಂದು ತಾವೇ ತೀರ್ಮಾನಿಸುವ ಹಕ್ಕು. ಬೇಕೆನಿಸಿದಾಗ ಒಂದು ಲೋಟ ಮದ್ಯ ಕುಡಿಯುವ ಹಕ್ಕು. ಯಾರ ಅಪ್ಪಣೆಯೂ ಇಲ್ಲದೆ ಹೊರಗೆ ಹೋಗಿಬರುವ ಹಕ್ಕು. ಗಂಡು ಹೆಣ್ಣು ಸ್ನೇಹ ಮಾಡಿದರೆ ಮೇಲ್ವಿಚಾರಕರು ನಡುವೆ ಬರಬಾರದು ಎಂಬ ಬೇಡಿಕೆ. ಇಪ್ಪತ್ತು ಮೂವತ್ತು ವರ್ಷ ದಾಟಿದವರು ಕೇಳಬೇಕಾಗಿ ಬಂದ ಸಂಗತಿಗಳು ಇವು.

ಇದು ನನಗೆ ಮೈಗೆ ತಾಗಿದ ಮಾತು. ನಾನಿದ್ದ ಕಡೆ ಹಗಲು ಪಾಳಿಯ ಆಯಾ ರಾತ್ರಿ ಎಂಟು ಗಂಟೆಗೆ ಹೊರಡುತ್ತಿದ್ದರು. ಆದ್ದರಿಂದ ಏಳೂವರೆಗೇ ನಮ್ಮನ್ನೆಲ್ಲ ಹಾಸಿಗೆಗೆ ಎತ್ತಿ ಹಾಕುತ್ತಿದ್ದರು. ಹೊರಗೆ ಮಕ್ಕಳು ಇನ್ನೂ ಆಡುತ್ತಿರುವುದು ಕೇಳಿಸುತ್ತಿತ್ತು. ಪದವಿ ಪರೀಕ್ಷೆಗೆ ಓದುವಾಗಲೂ ಅದೇ ನಿಯಮ. ಮಲಗಿಕೊಂಡು, ಎದೆಯ ಮೇಲೆ ಪುಸ್ತಕ ನಿಲ್ಲಿಸಿಕೊಂಡು ಓದುತ್ತಿದ್ದೆ. ಕೈ ಸೋತಾಗ ಪುಸ್ತಕ ಮುಖದ ಮೇಲೆ ಬೀಳುತ್ತಿತ್ತು. ಆಯಾ ಕೆಟ್ಟವರಲ್ಲ. ನಡೆಸುತ್ತಿದ್ದವರೂ ಕೆಟ್ಟವರಲ್ಲ. ಊಟ, ಬಟ್ಟೆ, ಔಷಧಿ ಯಾವುದಕ್ಕೂ ಕೊರತೆಯಿರಲಿಲ್ಲ. ನಮ್ಮನ್ನು ಒಂದು ಮಾತು ಕೇಳಬೇಕು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹಂಟ್ ಮದುವೆಯಾಗಿ 1970ರಲ್ಲಿ ಲೆ ಕೋರ್ಟಿನಿಂದ ಹೊರಬಂದರು. 1972ರ ಸೆಪ್ಟೆಂಬರ್ 20ರಂದು ಗಾರ್ಡಿಯನ್ ಪತ್ರಿಕೆಯಲ್ಲಿ ಅವರ ಪತ್ರ ಪ್ರಕಟವಾಯಿತು. ಸಂಸ್ಥೆಗಳಲ್ಲಿ ಮೂಲೆಗುಂಪಾಗಿರುವ ಅಂಗವಿಕಲರು ಒಟ್ಟುಗೂಡಬೇಕು ಎಂಬ ಕರೆ ಅದು. ಅದರಿಂದ ಹುಟ್ಟಿದ ಸಂಘಟನೆ 1976ರಲ್ಲಿ ಒಂದು ಮಾತನ್ನು ಖಚಿತವಾಗಿ ಬರೆದಿಟ್ಟಿತು: ದೇಹದ ಊನ ಬೇರೆ, ಆ ಊನವಿರುವವರನ್ನು ಸಮಾಜ ಹೊರಗಿಡುವುದು ಬೇರೆ, ನಮ್ಮ ಬದುಕನ್ನು ಕುಗ್ಗಿಸುವುದು ಎರಡನೆಯದು. ನಾನು ಬ್ಯಾಂಕಿನೊಳಗೆ ಹೋಗಲಾಗದಿರುವುದು ನನ್ನ ಕಾಲಿನಿಂದಲ್ಲ, ಅಲ್ಲಿನ ಐದು ಮೆಟ್ಟಿಲುಗಳಿಂದ. ಇಡೀ ಜಗತ್ತಿನ ಅಂಗವಿಕಲರ ಹಕ್ಕಿನ ಚಳವಳಿ ಈ ತಿಳಿವಳಿಕೆಯ ಮೇಲೆ ನಿಂತಿದೆ. ಅದರ ಬೇರು ಲೆ ಕೋರ್ಟಿನಲ್ಲಿದೆ, ಅಂದರೆ ಚೆಷೈರರು ಬಾಗಿಲು ತೆರೆದ ಮನೆಯಲ್ಲಿ, ಆದರೆ ಅವರ ಸಂಸ್ಥೆಯ ವಿರುದ್ಧವಾಗಿ.

ಬಿಡಿಬರಹ

ಗಾಲಿಕುರ್ಚಿ ಅವರೇ, ಈ ಕೋನ ನನಗೆ ಹೊಸದು. ನಾನು ಕೇಳಿದ ಪಶ್ಚಾತ್ತಾಪದ ಪ್ರಶ್ನೆಗಿಂತ ಇದು ಹೆಚ್ಚು ಮುಖ್ಯ. ಒಂದು ಸಂದೇಹ ಇದೆ. ಹೋರಾಟದ ನಂತರ ಏನಾಯಿತು? ಹೊರಗೆ ಬಂದವರನ್ನು ನೋಡಿಕೊಂಡವರು ಯಾರು?

ಗಾಲಿಕುರ್ಚಿ

ಅದೂ ಲೆ ಕೋರ್ಟಿನದೇ ಕಥೆ. ಅಂಗವಿಕಲರ ಅಂತರರಾಷ್ಟ್ರೀಯ ವರ್ಷ ಎಂದು ವಿಶ್ವಸಂಸ್ಥೆ ಘೋಷಿಸಿದ 1981ನ್ನು ಗುರಿಯಾಗಿ ಇಟ್ಟುಕೊಂಡು ಅಲ್ಲಿನ ಕೆಲವು ನಿವಾಸಿಗಳು ಪ್ರಾಜೆಕ್ಟ್ 81 ಎಂಬ ಗುಂಪು ಕಟ್ಟಿದರು. ಜಾನ್ ಎವಾನ್ಸ್ ಅವರಲ್ಲೊಬ್ಬರು. ಹ್ಯಾಂಪ್‌ಷೈರ್ ಆಡಳಿತದ ಮುಂದೆ ಅವರಿಟ್ಟ ವಾದ ಸರಳ: ನಮ್ಮನ್ನು ಸಂಸ್ಥೆಯಲ್ಲಿ ಇಡಲು ಹೇಗೂ ಹಣ ಕೊಡುತ್ತಿದ್ದೀರಿ, ಅದನ್ನೇ ನಮಗೆ ಕೊಡಿ, ಊರಿನಲ್ಲಿ ಮನೆ ಮಾಡಿಕೊಂಡು, ಸಹಾಯಕರನ್ನು ನಾವೇ ನೇಮಿಸಿಕೊಳ್ಳುತ್ತೇವೆ. ವರ್ಷಗಟ್ಟಲೆ ಮಾತುಕತೆ ನಡೆದು ಅದು ಕೈಗೂಡಿತು. ಬ್ರಿಟನ್ನಿನಲ್ಲಿ ಸ್ವತಂತ್ರ ಜೀವನದ ವ್ಯವಸ್ಥೆಗೆ ದಾರಿ ಮಾಡಿದವರು ಅವರು. ಲೆ ಕೋರ್ಟ್ 2007ರಲ್ಲಿ ಮುಚ್ಚಿತು.

ನಮ್ಮಲ್ಲಿ 1995ರ ಕಾಯ್ದೆ ಬಂತು, 2016ರ ಹಕ್ಕುಗಳ ಕಾಯ್ದೆ ಬಂತು, ವೈಕಲ್ಯದ ವರ್ಗಗಳು 7ರಿಂದ 21ಕ್ಕೆ ಏರಿದವು. ಸಮುದಾಯದಲ್ಲಿ ಬದುಕುವ ಹಕ್ಕು ಈಗ ಕಾನೂನಿನಲ್ಲಿದೆ. ಆದರೆ ಹ್ಯಾಂಪ್‌ಷೈರಿನವರಿಗೆ ಸಿಕ್ಕ ಸಹಾಯಕರ ಹಣದಂಥ ವ್ಯವಸ್ಥೆ ನಮ್ಮೂರುಗಳಲ್ಲಿ ಎಲ್ಲಿದೆ? ಇಲ್ಲಿ ಸಹಾಯಕಿ ಎಂದರೆ ಅಮ್ಮ. ಅಮ್ಮನಿಗೆ ವಯಸ್ಸಾದ ಮೇಲೆ ಅತ್ತಿಗೆ. ಅವರಿಬ್ಬರೂ ಇಲ್ಲದವರಿಗೆ ಸಂಸ್ಥೆಯೇ ಗತಿ. ಆದ್ದರಿಂದ ಇಂಥ ಮನೆಗಳನ್ನು ನಾಳೆಯೇ ಮುಚ್ಚಿ ಎಂದು ನಾನು ಹೇಳಲಾರೆ. ಅಲ್ಲಿರುವವರ ಮಾತು ನಡೆಯಲಿ ಎನ್ನುತ್ತೇನೆ.

ಬಯಲುಸೀಮೆ

ಯುದ್ಧದಿಂದ ಬಂದು ಈ ಕ್ಷೇತ್ರದಲ್ಲಿ ದುಡಿದವರು ನಮ್ಮವರಲ್ಲೂ ಇದ್ದಾರೆ. ಮೇಜರ್ ಜನರಲ್ ಇಯಾನ್ ಕಾರ್ಡೋಜೊ. 1971ರ ಯುದ್ಧದಲ್ಲಿ, 5ನೆಯ ಗೂರ್ಖಾ ರೈಫಲ್ಸ್‌ನ ಅಧಿಕಾರಿಯಾಗಿ ಸಿಲ್ಹೆಟ್ ಬಳಿ ನೆಲಬಾಂಬಿನ ಮೇಲೆ ಕಾಲಿಟ್ಟರು. ಛಿದ್ರವಾಗಿದ್ದ ಕಾಲನ್ನು ತಮ್ಮದೇ ಖುಕರಿಯಿಂದ ತಾವೇ ಕತ್ತರಿಸಿಕೊಂಡರು. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದವರು ಸೆರೆಯಲ್ಲಿದ್ದ ಪಾಕಿಸ್ತಾನಿ ಸೇನೆಯ ಒಬ್ಬ ವೈದ್ಯರು. ಕೃತಕ ಕಾಲಿನಲ್ಲಿಯೇ ಬೆಟ್ಟ ಹತ್ತಿ ತೋರಿಸಿ, ಬೆಟಾಲಿಯನ್ನಿನ ಮತ್ತು ಬ್ರಿಗೇಡಿನ ಮುಖ್ಯಸ್ಥರಾದ ಮೊದಲ ಅಂಗವಿಕಲ ಅಧಿಕಾರಿ ಎನಿಸಿದರು. ನಿವೃತ್ತಿಯ ನಂತರ ಮೆದುಳಿನ ಪಾರ್ಶ್ವವಾಯು ಇರುವ ಮಕ್ಕಳ ಸಂಸ್ಥೆಯಲ್ಲಿ ದುಡಿದು, ಭಾರತೀಯ ಪುನರ್ವಸತಿ ಮಂಡಳಿಯ ಅಧ್ಯಕ್ಷರಾಗಿದ್ದರು. ಗಾಲಿಕುರ್ಚಿ ಅವರ ಮಾತಿಗೆ ಇವರು ಹೊಂದುತ್ತಾರೆ ಎನಿಸಿತು: ಇಲ್ಲಿ ಅಂಗವಿಕಲರ ಪರವಾಗಿ ಮಾತನಾಡಿದವರು ಸ್ವತಃ ಅಂಗವಿಕಲರು.

ನಿವೃತ್ತ ಸುಬೇದಾರ್

ಕಾರ್ಡೋಜೊ ಸಾಹೇಬರ ಹೆಸರು ತೆಗೆದದ್ದಕ್ಕೆ ಧನ್ಯವಾದ. ಪುಣೆಯ ಖಡ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರ ಪುನರ್ವಸತಿ ಕೇಂದ್ರವಿದೆ, ಅದನ್ನೂ ಯಾರಾದರೂ ಬರೆಯಬೇಕು. 1965ರ ಯುದ್ಧದಲ್ಲಿ ಗುಂಡು ತಗುಲಿದ ಮುರಳೀಕಾಂತ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಭಾರತಕ್ಕೆ ಮೊದಲ ಚಿನ್ನ ತಂದದ್ದು ಎಲ್ಲರೂ ತಿಳಿದಿರಬೇಕಾದ ಸಂಗತಿ.

ಗಾಲಿಕುರ್ಚಿ ಅವರೇ, ತಂಗಿ ಎಂದು ಕರೆಯಲೇ? ನೀವು ಹೇಳಿದ ಏಳೂವರೆಯ ಮಾತು ನನ್ನನ್ನು ಬಿಡುತ್ತಿಲ್ಲ. ನಮ್ಮ ತಾಲ್ಲೂಕಿನಲ್ಲಿ ನಾವು ಕೆಲವು ನಿವೃತ್ತರು ಸೇರಿ ಸೈನಿಕರ ವಿಧವೆಯರ ಪಿಂಚಣಿ ಕಾಗದಪತ್ರ ನೋಡಿಕೊಡುತ್ತೇವೆ. ಪಿಂಚಣಿ ಎಲ್ಲ ಸ್ಪರ್ಶ್ ಜಾಲತಾಣಕ್ಕೆ ಹೋದ ಮೇಲೆ ವಯಸ್ಸಾದವರಿಗೆ ಬಹಳ ತೊಂದರೆ. ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರ. ದುಡಿದು ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮತ್ತೆ ಒತ್ತಿಸಬೇಕು. ಇಷ್ಟೆಲ್ಲ ಮಾಡುವಾಗ ನಾವು ಮಾತನಾಡುವುದು ಮಗನ ಹತ್ತಿರ, ಅಳಿಯನ ಹತ್ತಿರ. ಆ ತಾಯಿ ಪಕ್ಕದಲ್ಲಿಯೇ ಕುಳಿತಿರುತ್ತಾರೆ. ಹಣ ಯಾವ ಖಾತೆಗೆ ಬರಬೇಕು ಎಂದು ಇನ್ನು ಮುಂದೆ ಅವರನ್ನೇ ಕೇಳುತ್ತೇವೆ.

ಗಾಲಿಕುರ್ಚಿ

ಧಾರಾಳವಾಗಿ ಕರೆಯಿರಿ ಅಣ್ಣ. ಖಾತೆ ಆ ತಾಯಿಯ ಹೆಸರಿನಲ್ಲಿ ಮಾತ್ರ ಇದ್ದು, ಪಾಸ್ ಪುಸ್ತಕವೂ ಅವರ ಕೈಯಲ್ಲಿಯೇ ಇದ್ದರೆ ಇನ್ನೂ ಒಳ್ಳೆಯದು.

ತುಂಗಾತೀರ

ಚೆಷೈರರ ಕೊನೆಯ ದಿನಗಳ ಬಗ್ಗೆ ಯಾರೂ ಹೇಳಲಿಲ್ಲ, ಸೇರಿಸುತ್ತೇನೆ. ಸಂಸ್ಥೆ ಸುಮಾರು 50 ದೇಶಗಳಿಗೆ ಹರಡಿದ ಮೇಲೆ, ಅವರಿಗೆ ನರಗಳ ಕಾಯಿಲೆ ಬಂತು. ಕೈಕಾಲುಗಳ ಶಕ್ತಿ ಒಂದೊಂದಾಗಿ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆ. ನಾಲ್ಕು ದಶಕ ಯಾರಿಗಾಗಿ ದುಡಿದರೋ ಅವರಂತೆಯೇ ಗಾಲಿಕುರ್ಚಿಯಲ್ಲಿ ಕುಳಿತರು. 1992ರ ಜುಲೈ 31ರಂದು ತೀರಿಕೊಂಡರು. ಆ ವರ್ಷದ ಕ್ರಿಸ್‌ಮಸ್ ಭಾಷಣದಲ್ಲಿ ರಾಣಿ ಎಲಿಜಬೆತ್ ಚೆಷೈರರನ್ನು ನೆನೆದರು. ಸಾಯುವ ಮೊದಲು ಭೇಟಿಗೆ ಬಂದಾಗ ತಮ್ಮ ಕಾಯಿಲೆಯ ಸುದ್ದಿ ಎತ್ತದೆ, ಇತರರಿಗೆ ಮುಂದೆ ಏನು ಮಾಡಬೇಕೆಂದಿದ್ದೇನೆ ಎಂಬುದನ್ನೇ ಚೆಷೈರ್ ಮಾತನಾಡಿದರು ಎಂಬುದು ರಾಣಿಯ ಮಾತಿನ ಸಾರ.

ಗಾಲಿಕುರ್ಚಿ ಅವರು ಹೇಳಿದ್ದನ್ನು ಓದಿದ ಮೇಲೆ ನನಗೆ ಅನಿಸುವುದು: ಚೆಷೈರರನ್ನು ಅಳೆಯಲು ಪದಕಗಳ ಪಟ್ಟಿಯೂ ಸಾಲದು, ಮನೆಗಳ ಸಂಖ್ಯೆಯೂ ಸಾಲದು. ಅವರ ಮನೆಯಲ್ಲಿ ಬೆಳೆದವರು ಅದೇ ಮನೆಯನ್ನು ಪ್ರಶ್ನಿಸುವಷ್ಟು ಗಟ್ಟಿಯಾದರು ಎಂಬುದನ್ನು ಅವರ ಜೀವನಚರಿತ್ರೆಯ ಭಾಗವಾಗಿಯೇ ಓದಬೇಕು. ನಮ್ಮ ಪತ್ರಿಕೆಗಳು ಮುಂದಿನ ಬಾರಿ ಅವರ ಬಗ್ಗೆ ಬರೆಯುವಾಗ ಹಂಟ್ ಹೆಸರು ಇಲ್ಲದಿದ್ದರೆ ನಾನು ಸಂಪಾದಕರಿಗೆ ಪತ್ರ ಬರೆಯುತ್ತೇನೆ.

ಹೊಸಚಿಗುರು

ನಾನು ಬೆಂಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಹುಟ್ಟುಹಬ್ಬಕ್ಕೆ ಗೆಳೆಯರೆಲ್ಲ ಸೇರಿ ಇಂಥ ಒಂದು ಮನೆಗೆ ಹೋಗಿ ಊಟ ಕೊಡಿಸೋಣ ಎಂದುಕೊಂಡಿದ್ದೆವು. ಇದನ್ನೆಲ್ಲ ಓದಿದ ಮೇಲೆ ಹೋಗಬೇಕೋ ಬೇಡವೋ ಎಂದು ತಿಳಿಯುತ್ತಿಲ್ಲ. ಗಾಲಿಕುರ್ಚಿ ಅಕ್ಕ, ನೀವೇ ಹೇಳಬೇಕು.

ಗಾಲಿಕುರ್ಚಿ

ಖಂಡಿತ ಹೋಗಿ. ಮೊದಲು ದೂರವಾಣಿ ಮಾಡಿ, ಅಲ್ಲಿರುವವರಿಗೆ ಯಾವ ದಿನ ಅನುಕೂಲ ಎಂದು ಕೇಳಿ. ಭಾನುವಾರ ಎಲ್ಲರೂ ಕೇಕ್ ತರುತ್ತಾರೆ, ಮಂಗಳವಾರ ಯಾರೂ ಬರುವುದಿಲ್ಲ. ಅನುಮತಿಯಿಲ್ಲದೆ ಫೋಟೊ ತೆಗೆಯಬೇಡಿ. ಗಾಲಿಕುರ್ಚಿಯನ್ನು ಕೇಳದೆ ತಳ್ಳಬೇಡಿ, ಅದು ನಮ್ಮ ಮೈಯ ಭಾಗ.

ಊಟಕ್ಕಿಂತ ಹೆಚ್ಚು ಬೇಕಾದ ಕೆಲಸ ನಿಮ್ಮಿಂದ ಆಗುತ್ತದೆ. ನೀವು ವಿದ್ಯಾರ್ಥಿಗಳು, ಆದ್ದರಿಂದ ಬರೆಯಲು ಆಗದವರಿಗೆ ಪರೀಕ್ಷೆಯಲ್ಲಿ ಅವರು ಹೇಳಿದ ಉತ್ತರ ಬರೆದುಕೊಡುವ ಬರಹಗಾರರಾಗಬಹುದು. ಪರೀಕ್ಷೆಯ ತಿಂಗಳಲ್ಲಿ ಬರಹಗಾರರು ಸಿಗದೆ ಒದ್ದಾಡುವವರು ಬಹಳ. ನಿಯಮಗಳು ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ, ಮೊದಲೇ ವಿಚಾರಿಸಿಕೊಳ್ಳಿ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಹಾಕಲು, ವೈದ್ಯಕೀಯ ತಪಾಸಣೆಯ ದಿನ ಜೊತೆಗೆ ಹೋಗಲು ಜನ ಬೇಕು. ನಿಮ್ಮ ಊರು ಹಳ್ಳಿಯಾಗಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕಂಡರೆ ಯಾರಿಗೆ ಏನು ಬೇಕಾಗಿದೆ ಎಂಬುದು ಗೊತ್ತಾಗುತ್ತದೆ.

ಮುಂದಿನ ತಿಂಗಳು ನನಗೆ ಪರಿಚಯದ ಇಬ್ಬರಿಗೆ ಬರಹಗಾರರು ಬೇಕಾಗಿದ್ದಾರೆ. ಒಬ್ಬರದು ವಾಣಿಜ್ಯ, ಇನ್ನೊಬ್ಬರದು ಕನ್ನಡ ಐಚ್ಛಿಕ. ಕೈಬರಹ ಓದುವಂತಿದ್ದರೆ ಸಾಕು. ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿ.